ಅಕ್ಕ ಮುರಿದದ್ದನ್ನು ತಂಗಿ ಹೇಳಿದ್ದು

ಆಗಷ್ಟೇ ಬಿಚ್ಚಿ ಹೊಸದಾಗಿ ಜೋಡಿಸಿದ ರೇಸ್ ಕಾರಿನ ಇಂಜಿನ್ನಿನಲ್ಲಿ ಅಕ್ಕತಂಗಿಯರಾದ ಎರಡು ಸ್ಪ್ರಿಂಗುಗಳು ಒಂದರೊಳಗೊಂದು ನಿಂತು ಇಂಜಿನ್ನಿನ ಉಸಿರಿನ ದಾರಿಯನ್ನು ತೆರೆದು ಮುಚ್ಚುವ ಒಂದು ವಾಲ್ವನ್ನು ಮೇಲಕ್ಕೆ ಹಿಡಿದಿದ್ದವು. ಮೊದಲ ಓಟದಲ್ಲೇ ಹೊರಗಿದ್ದ ಅಕ್ಕ ಮುರಿದಳು.

"ಯಾರಿಗೂ ಹೇಳಬೇಡ ತಂಗಿ, ಹೊಸ ಇಂಜಿನ್ನಿನ ಮಾನ ಹೋಗುತ್ತದೆ" ಎಂದಳು. ಒಳಗಿದ್ದ ತಂಗಿ ಒಬ್ಬಳೇ ಭಾರ ಹೊತ್ತಳು.

ವೇಗ ಏರಿದಾಗಲೆಲ್ಲ ಇಂಜಿನ್ ಮುಗ್ಗರಿಸತೊಡಗಿತು. ಮೇಸ್ತ್ರಿ ಗಿಲ್ಬರ್ಟ್ ಪ್ಲಗ್ ಬದಲಿಸಿದರು, ಕಾರ್ಬ್ಯುರೇಟರ್ ತೊಳೆದರು. ಗುಣ ಕಾಣಲಿಲ್ಲ.

ವಾಲ್ವಿನ ಕೆಳಗೆ ಏರಿಳಿಯುತ್ತಿದ್ದ ಪಿಸ್ಟನ್ ಕೇಳಿತು: "ತಂಗಮ್ಮ, ವಾಲ್ವ್ ಮುಚ್ಚುವುದು ತಡವಾಗುತ್ತಿದೆ. ನೀನೂ ಸೋತರೆ ಅದು ಬೀಳುವುದು ನನ್ನ ತಲೆಯ ಮೇಲೆ. ಆಮೇಲೆ ನಾನೂ ಇಲ್ಲ, ಇಂಜಿನ್ನೂ ಇಲ್ಲ. ಮಾನವನ್ನು ಎಲ್ಲಿ ಇಡುತ್ತೀರಿ?"

ಇಂಜಿನ್ ನಿಧಾನವಾಗಿ ತಿರುಗುತ್ತಿದ್ದಾಗ ತಂಗಿ, ಸದ್ದಾಗದಂತೆ ಅಲ್ಲಿಯವರೆಗೆ ಅವುಚಿಕೊಂಡಿದ್ದ ಅಕ್ಕನ ತುಂಡನ್ನು ಸಡಿಲ ಬಿಟ್ಟಳು. ಅದು ಟಕಟಕ ಸದ್ದು ಮಾಡಿತು.

ಗಿಲ್ಬರ್ಟ್ ಕಿವಿಗೊಟ್ಟು ಕೇಳಿದರು, ಇಂಜಿನ್ ನಿಲ್ಲಿಸಿದರು, ಮುಚ್ಚಳ ತೆಗೆದರು. "ಸದ್ಯ, ವಾಲ್ವ್ ಬೀಳಲಿಲ್ಲ. ಒಂದು ಜೊತೆ ಹೊಸ ಸ್ಪ್ರಿಂಗ್ ಹಾಕಿದರೆ ಮುಗಿಯಿತು" ಎಂದು ಅಕ್ಕತಂಗಿಯರನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು.

"ನನ್ನ ಮೇಲೆ ಕೋಪವೇ ಅಕ್ಕ?" ಎಂದಳು ತಂಗಿ.

"ಇಲ್ಲ ಕಣೇ. ಮುರಿದಾಗ ಒಂದೇ ಸಲ ನೋವಾಯಿತು. ಗಟ್ಟಿಯಾಗಿದ್ದೇನೆಂದು ತೋರಿಸಿಕೊಳ್ಳುವಾಗ ಪ್ರತಿ ಸುತ್ತಿಗೂ ನೋಯುತ್ತಿತ್ತು. ಈಗ ಮಲಗುತ್ತೇನೆ" ಎಂದಳು ಅಕ್ಕ.