ಗರಡಿಯ ಮಣ್ಣು ಎಣ್ಣೆ ಬೇಡಿದ ದಿನ

ಮಲಪ್ರಭೆಯ ದಂಡೆಯ ಹುಣಸಿಗಟ್ಟಿಯಲ್ಲಿ ಪರಮಪೂಜ್ಯ ಶ್ರೀ ಅಡವಯ್ಯಜ್ಜನವರು ನೆಲೆಸಿದ್ದ ಮಠಕ್ಕೆ ಗೋಪುರವಿರಲಿಲ್ಲ, ಮಹಾದ್ವಾರವಿರಲಿಲ್ಲ. ಮಣ್ಣಿನ ಮೇಲ್ಮುದ್ದೆ ಹಾಕಿದ ಮಾಳಿಗೆಯ ಎರಡು ಅಂಕಣದ ಮನೆ, ಅದರ ಬೆನ್ನಿಗೆ ಒಂದು ಗರಡಿ, ಇಷ್ಟೇ. ಅಜ್ಜನವರು ಮುಂಜಾನೆಯ ಲಿಂಗಪೂಜೆ ಮುಗಿಸಿ ಗರಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದರು. ಕೈಯಲ್ಲಿ ಒಂದು ಜರಡಿ. ಕುಸ್ತಿಯ ಕಣದ ಕೆಂಪು ಮಣ್ಣನ್ನು ಹಿಡಿಹಿಡಿಯಾಗಿ ಜರಡಿಗೆ ಹಾಕಿ ಹರಳು ಆರಿಸುವುದು ಅವರ ನಿತ್ಯದ ಕಾಯಕ. ಬೀಳುವವರು ನಮ್ಮ ಮಕ್ಕಳೇ ಅಲ್ಲವೇ, ಅವರಿಗೆ ಹರಳು ಚುಚ್ಚಬಾರದು ಎನ್ನುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಗೇ ಬಂದು, ಮಣ್ಣಾದ ಆ ಪಾದಗಳಿಗೇ ನಮಸ್ಕರಿಸಿ ಹೋಗಬೇಕಿತ್ತು.

ಕುಸ್ತಿಯ ಪಟ್ಟುಗಳನ್ನು ಕಲಿಸುತ್ತಿದ್ದವರು ಉಸ್ತಾದ ಖಾದರಸಾಬರು. ಅಜ್ಜನವರು ಏನು ಕಲಿಸುತ್ತಿದ್ದರು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಗಾಣಿಗೇರ ಬಾಳಪ್ಪನ ಈ ಸಂಗತಿಯನ್ನು ಕೇಳಿದ ಸದ್ಭಕ್ತರು ತಾವೇ ತಿಳಿದುಕೊಂಡಾರು.

ಶ್ರಾವಣದ ಒಂದು ಮುಂಜಾನೆ ಬಾಳಪ್ಪ ಎಣ್ಣೆಯ ತಂಬಿಗೆ ಹಿಡಿದು ಕಟ್ಟೆಯ ಮುಂದೆ ಬಂದು ನಿಂತ. ವಯಸ್ಸು ಮೂವತ್ತಮೂರು. ಮೀಸೆ ಮೂಡುವ ಮೊದಲೇ ಲಂಗೋಟಿ ಕಟ್ಟಿ ಇಳಿಯಬೇಕಾದ ಕಣಕ್ಕೆ ಅವನು ಎರಡು ಮಕ್ಕಳ ತಂದೆಯಾದ ಮೇಲೆ ಬಂದಿದ್ದ. ಯಾಕೆ ಕಲಿಯಬೇಕು ಎಂದು ಉಸ್ತಾದರು ಕೇಳಿದ್ದಕ್ಕೆ ಮುಚ್ಚಿಡದೆ ಹೇಳಿದ. ಹಿಂದಿನ ಬೇಸಿಗೆಯಲ್ಲಿ ಹೊಳೆಯಾಚೆಯ ಪೈಲವಾನ ದ್ಯಾಮಣ್ಣ ಕುಸ್ತಿಯಲ್ಲಿ ತನ್ನ ತಮ್ಮ ಈರಣ್ಣನ ಬಲಗೈ ಮುರಿದಿದ್ದಾನೆ, ಬೇಕೆಂದೇ ಮುರಿದಿದ್ದಾನೆ. ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಇಪ್ಪತ್ತೆರಡರ ಪ್ರಾಯದವನು ಈಗ ರೊಟ್ಟಿ ಮುರಿಯಲೂ ಎಡಗೈ ಹಾಕುತ್ತಾನೆ. ಆ ದ್ಯಾಮಣ್ಣನ ಬಲಗೈಯನ್ನು ಕುಸ್ತಿಯ ಕಣದಲ್ಲೇ, ಅದೇ ಪಟ್ಟಿನಲ್ಲೇ ಮುರಿಯಬೇಕು. ಅದಕ್ಕಾಗಿ ಬಂದಿದ್ದೇನೆ ಎಂದ. ಇಷ್ಟೆಲ್ಲ ಹೇಳಿದ ಬಾಳಪ್ಪ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಅವನು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಇಂಥವನನ್ನು ಸೇರಿಸಿಕೊಂಡರೆ ಗರಡಿಯ ಮಾರುತಿ ಮೆಚ್ಚುವುದಿಲ್ಲ ಎಂದರು ಉಸ್ತಾದರು. ಅಜ್ಜನವರು ಜರಡಿ ನಿಲ್ಲಿಸಿ ಬಾಳಪ್ಪನ ಅಂಗೈಗಳನ್ನು ಬಹಳ ಹೊತ್ತು ನೋಡಿದರು. ಇರಲಿ ಬಿಡಿ ಎಂದರು. ಬಾಳಪ್ಪ ತಂಬಿಗೆಯನ್ನು ಮುಂದಿಟ್ಟ. ಶನಿವಾರಕ್ಕೊಮ್ಮೆ ಕಣದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡುವುದು ಗರಡಿಯ ಪದ್ಧತಿ. ಗಾಣದವನು ಬರಿಗೈಯಲ್ಲಿ ಬಂದಾನೆಯೇ? ಆದರೆ ಭಕ್ತರು ತಂದ ಹಿಡಿ ಜೋಳವನ್ನೂ ಕಣ್ಣಿಗೊತ್ತಿಕೊಳ್ಳುವ ಅಜ್ಜನವರು ಆ ತಂಬಿಗೆಯನ್ನು ಮುಟ್ಟಲಿಲ್ಲ.

"ಇದು ಈಗ ಬ್ಯಾಡ ತಮ್ಮಾ. ಹೊತ್ತು ಬಂದಾಗ ನಾ ಕೇಳ್ತೀನಿ."

ಎಣ್ಣೆ ಬಂದ ದಾರಿಯಲ್ಲೇ ಮನೆಗೆ ಹೋಯಿತು. ಬಾಳಪ್ಪನ ಮನಸ್ಸಿಗೆ ಅದು ಮುಳ್ಳಿನಂತೆ ನಾಟಿತು.

ಮೊದಲ ವರ್ಷ ಅವನಿಗೆ ಕುಸ್ತಿಯೇ ಇಲ್ಲ. ಕಣಕ್ಕಿಳಿದ ಇಬ್ಬರೂ ಹಿಡಿಮಣ್ಣು ತೆಗೆದು ಒಬ್ಬರ ಮೈಗೆ ಒಬ್ಬರು ಹಚ್ಚುವ ರೂಢಿಯನ್ನು ನೀವು ನೋಡಿರಬಹುದು. ಬೆವೆತ ಮೈ ಕೈಗೆ ಸಿಗುವುದಿಲ್ಲ, ಮಣ್ಣು ಹಚ್ಚಿದರೆ ಹಿಡಿತ ಸಿಗುತ್ತದೆ. ಎದುರಾಳಿ ಮಣ್ಣು ಹಚ್ಚುವಾಗ ತಲೆಬಾಗಿ ನಿಲ್ಲುವುದೆಂದರೆ, ನನ್ನನ್ನು ಹಿಡಿಯಲು ನಿನಗೆ ಅಪ್ಪಣೆಯಿದೆ ಎಂದ ಹಾಗೆ. ದಿನವೂ ಸಾಮು ಮಾಡಲು ಬಂದ ಎಲ್ಲರ ಬೆನ್ನಿಗೆ, ಭುಜಕ್ಕೆ ಮಣ್ಣು ಹಚ್ಚುವ ಸೇವೆಯೊಂದನ್ನೇ ಅಜ್ಜನವರು ಬಾಳಪ್ಪನಿಗೆ ಕೊಟ್ಟರು. ಜೊತೆಗೆ ಒಂದು ಕಟ್ಟಪ್ಪಣೆ: ಗಾಣದ ಮೈಯನ್ನು ಬಾವಿಕಟ್ಟೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕಿ ತೊಳೆಯದೆ ಕಣ ತುಳಿಯಕೂಡದು.

ಇಪ್ಪತ್ತರ ಪ್ರಾಯದ ಪೈಲವಾನರಿಗೆ ಅದೊಂದು ಮೋಜಾಯಿತು. "ಕಾಕಾ, ನಮ್ಮವ್ವನೂ ಇಷ್ಟ್ ಚೊಲೋ ಮೈ ತಿಕ್ಕಿರಲಿಲ್ಲ ನೋಡ್ರಿ" ಎನ್ನುವವನೊಬ್ಬ. "ಕಿವಿ ಹಿಂದ ಸ್ವಲ್ಪ ಉಳೀತು ಕಾಕಾ" ಎನ್ನುವವನು ಇನ್ನೊಬ್ಬ. ಬಾಳಪ್ಪ ಹಲ್ಲು ಕಚ್ಚಿಕೊಂಡು ಹಚ್ಚುತ್ತಿದ್ದ.

ಎರಡನೆಯ ವರ್ಷ ಅವರೇ ಅವನನ್ನು ಎತ್ತಿ ಎತ್ತಿ ಒಗೆದರು. ತಡವಾಗಿ ಬಂದ ಮೈ ಬಾಗಲೊಲ್ಲದು, ಮೊಣಕಾಲು ಮಡಚಲೊಲ್ಲದು. ಹೆಂಡತಿ ಉಪ್ಪಿನ ಗಂಟು ಕಾಸಿ ಕಾಸಿ ಶಾಖ ಕೊಟ್ಟಳು. ಬಿದ್ದಷ್ಟೂ ಅವನ ಹಟ ಗಟ್ಟಿಯಾಯಿತು. ಮೂರನೆಯ ವರ್ಷ ಉಸ್ತಾದರು ಪಟ್ಟುಗಳನ್ನು ಹೇಳಿಕೊಡತೊಡಗಿದಾಗ ಉಳಿದವರು ಪ್ರತಿ ಪಟ್ಟಿನಲ್ಲಿ ಎದುರಾಳಿಯನ್ನು ಕೆಡವುವ ದಾರಿ ಹುಡುಕಿದರೆ, ಬಾಳಪ್ಪ ಕೈ ಮುರಿಯುವ ಜಾಗ ಹುಡುಕುತ್ತಿದ್ದ. ಅವನ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನು ಉಸ್ತಾದರು ಗಮನಿಸಿದರು, ಅಜ್ಜನವರಿಗೂ ತಿಳಿಸಿದರು. ಅವರು ಹೂಂ ಎಂದು ಹರಳು ಆರಿಸುತ್ತಲೇ ಇದ್ದರು.

ಆ ವರ್ಷ ಯುಗಾದಿ ಕಳೆದ ನಾಲ್ಕನೆಯ ದಿನ ಗರಡಿಯ ಬಾಗಿಲಲ್ಲಿ ಒಬ್ಬ ಎತ್ತರದ ಆಳು ಚಪ್ಪಲಿ ಬಿಟ್ಟು ಒಳಗೆ ಬಂದ. ದ್ಯಾಮಣ್ಣ.

ಅವನು ಕುಸ್ತಿ ಬಿಡುವವನಿದ್ದ. ಬಿಡುವ ಪೈಲವಾನ ತನ್ನ ಗುರುವಿನ ಗರಡಿಯಲ್ಲಿ ಕೊನೆಯದೊಂದು ಕುಸ್ತಿ ಹಿಡಿದು, ಲಂಗೋಟಿಯನ್ನು ಮಾರುತಿಯ ಪಾದದಲ್ಲಿಟ್ಟು ಹೋಗುವುದು ಆ ಸೀಮೆಯ ನಡಾವಳಿ. ಅವನ ಉಸ್ತಾದರು ತೀರಿಕೊಂಡಿದ್ದರಿಂದ ಅಜ್ಜನವರ ಪಾದಕ್ಕೆ ಬಂದಿದ್ದ. ಯಾರಾದರೂ ತನ್ನೊಡನೆ ಕಣಕ್ಕಿಳಿಯಬೇಕು ಎಂದು ಕೈಮುಗಿದು ಕೇಳಿದ. ಮೂಲೆಯಿಂದ ಬಾಳಪ್ಪನ ಧ್ವನಿ ಬಂತು.

"ನಾ ಹಿಡೀತೀನ್ರಿ."

ದ್ಯಾಮಣ್ಣನಿಗೆ ಗುರುತು ಹತ್ತಿತು. ಮುಖ ಬಾಡಿತು, ಆದರೆ ಆಗಲಿ ಎಂದು ತಲೆಯಾಡಿಸಿದ. ಉಸ್ತಾದರು ಅಜ್ಜನವರ ಕಿವಿಯಲ್ಲಿ, ಇದು ಕುಸ್ತಿಯಾಗಿ ಉಳಿಯುವುದಿಲ್ಲ, ನಿಮ್ಮ ಒಂದು ಮಾತು ಸಾಕು, ತಡೆಯಿರಿ ಎಂದು ಬೇಡಿಕೊಂಡರು. ಪೂಜ್ಯರು ತಡೆಯಲಿಲ್ಲ. "ನಾಳೆ ಮುಂಜಾನೆ ಆಗಲಿ" ಎಂದರು. ಕಾರುಣ್ಯಮೂರ್ತಿಗಳಾದ ಅಜ್ಜನವರು ಹೀಗೇಕೆ ಮಾಡಿದರೆಂದು ಭಕ್ತರು ಅಂದು ಊಟದ ಮುಂದೆ ಕೂತೂ ತುತ್ತು ಎತ್ತಲಿಲ್ಲವಂತೆ.

ಮರುದಿನ ನಸುಕಿನಲ್ಲಿ ಬಾಳಪ್ಪ ಗಾಣದ ಕೋಣೆಗೆ ಹೋದ. ದ್ಯಾಮಣ್ಣ ತನಗಿಂತ ಒಂದೂವರೆ ಪಟ್ಟು ಆಳು. ಅವನ ಕೈಗೆ ಸಿಕ್ಕರೆ ಮುಗಿಯಿತು, ಸಿಗಬಾರದು. ತೆಳುವಾದ ಕುಸುಬಿ ಎಣ್ಣೆಯನ್ನು ಭುಜಕ್ಕೆ, ತೋಳಿಗೆ, ಬೆನ್ನಿಗೆ ಹಚ್ಚಿ, ಹೊಳಪು ಕಾಣದಂತೆ ಅರಿವೆಯಿಂದ ಒರೆಸಿಕೊಂಡ. ತಲೆಯೆತ್ತಿದರೆ ಬಾಗಿಲಲ್ಲಿ ಈರಣ್ಣ.

"ಅಣ್ಣಾ, ಮತ್ತ ಎಣ್ಣಿ ಹಚ್ಗೊಳ್ಳಾಕತ್ತೀ?"

ಬಾಳಪ್ಪ ತಮ್ಮನನ್ನು ದಾಟಿ ಹೊರಟ. ಮೂರು ವರ್ಷದಲ್ಲಿ ಮೊದಲ ಸಲ ಬಾವಿಕಟ್ಟೆಯನ್ನೂ ದಾಟಿ ನೇರ ಕಣಕ್ಕೆ ನಡೆದ.

ಗರಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಮೇಲೂ ಜನ. ಕೇಳುತ್ತಿದ್ದದ್ದು ಅಜ್ಜನವರ ಜರಡಿಯ ಸದ್ದೊಂದೇ. ಮಾರುತಿಗೆ ಆರತಿಯಾಯಿತು. ಇಬ್ಬರೂ ಕಣ ಮುಟ್ಟಿ ಹಣೆಗೊತ್ತಿಕೊಂಡು ಎದುರುಬದುರು ನಿಂತರು. ದ್ಯಾಮಣ್ಣ ತಲೆಬಾಗಿಸಿದ. ಬಾಳಪ್ಪ ಹಿಡಿಮಣ್ಣು ತೆಗೆದು ಅವನ ಭುಜಕ್ಕೆ ಹಚ್ಚಿದ, ಬಲತೋಳಿಗೆ ಹಚ್ಚಿದ, ಮೊಣಕೈಯ ಸಂದನ್ನು ಬೆರಳಿನಿಂದ ಒತ್ತಿ ನೋಡಿಕೊಂಡ. ಇಲ್ಲೇ, ಎಂದುಕೊಂಡ. ಉಸ್ತಾದರು ಕಣ್ಣು ಮುಚ್ಚಿದರು.

ಇನ್ನು ದ್ಯಾಮಣ್ಣನ ಸರದಿ. ಅವನು ಮಣ್ಣು ತೆಗೆದು ಬಾಳಪ್ಪನ ಭುಜಕ್ಕೆ ಹಚ್ಚಿದ. ಮಣ್ಣು ನಿಲ್ಲಲಿಲ್ಲ. ಕಪ್ಪಗೆ ಮುದ್ದೆಗಟ್ಟಿ ತೋಳಿನ ಮೇಲಿಂದ ಜಾರಿ ಬಿತ್ತು. ದ್ಯಾಮಣ್ಣನ ಕೈ ಅಲ್ಲೇ ನಿಂತಿತು. ಅವನು ಅಂಗೈಯನ್ನು ಮೂಗಿನ ಹತ್ತಿರ ತಂದು, ಯಾರಿಗೂ ಕಾಣದಂತೆ ತನ್ನ ಎದೆಗೆ ಒರೆಸಿಕೊಂಡ. ಬಾಳಪ್ಪನಿಗಷ್ಟೇ ಕೇಳುವಂತೆ ಹೇಳಿದ:

"ಅವತ್ತೂ ಹಿಂಗ ಜಾರಿತ್ತು. ನಾ ಭುಜಾ ಹಿಡದಿದ್ದೆ, ಕೈ ಜಾರಿ ಮೊಣಕೈಗೆ ಬಂದು ನಿಂತಿತು. ಬಿಡೂದರಾಗ ಆಗಿಹೋತು. ಯಾರ ಮುಂದೂ ಅಂದಿಲ್ಲ, ಹುಡುಗನ ಹೆಸರು ಕೆಡ್ತಿತ್ತು."

ಆಮೇಲೆ ಧ್ವನಿ ಏರಿಸಿ, ಏನೂ ಆಗಿಲ್ಲವೆಂಬಂತೆ, ಹಿಡಿಯಿರಿ ಎಂದು ಕೈ ಚಾಚಿದ. ಎಣ್ಣೆ ಹಚ್ಚಿದವನೊಡನೆ, ಗೊತ್ತಿದ್ದೂ, ಅವನ ಮಾನ ಕಳೆಯದೆ ಕುಸ್ತಿಗೆ ನಿಂತ. ಬಾಳಪ್ಪ ಆ ಚಾಚಿದ ಬಲಗೈಯನ್ನು ನೋಡಿದ. ಮೂರು ವರ್ಷ ಕಾದ ಕೈ ಒಂದು ಮೊಳದ ದೂರದಲ್ಲಿತ್ತು. ಅವನ ಕಾಲು ಏಳಲಿಲ್ಲ.

ಆಗ ಕಟ್ಟೆಯ ಮೇಲೆ ಜರಡಿಯ ಸದ್ದು ನಿಂತಿತು.

"ಬಾಳಪ್ಪಾ, ಹೊತ್ತು ಬಂತು. ಎಣ್ಣಿ ತಗೊಂಡು ಬಾ."

ನೆರೆದವರಿಗೆ ಏನೂ ತಿಳಿಯಲಿಲ್ಲ. ಬಾಳಪ್ಪನಿಗೆ ತಿಳಿಯಿತು. ಬಂದ ದಿನ ತನ್ನ ಅಂಗೈಯಲ್ಲಿ ಮಹಾತ್ಮರು ಏನನ್ನು ಓದಿದ್ದರು, ಒಂದು ವರ್ಷ ಆ ಅಂಗೈಗೆ ಮಣ್ಣನ್ನಷ್ಟೇ ಯಾಕೆ ಕೊಟ್ಟರು ಎಂಬುದು ತಿಳಿಯಿತು. ಕಣದ ನಡುವೆ ಮೊಣಕಾಲೂರಿ, ಗೋಡೆಯ ಮೇಲಿದ್ದವರಿಗೂ ಕೇಳುವಂತೆ ಹೇಳಿದ. ಅಂದು ಕುಸ್ತಿಗೆ ಮುಂಚೆ ತಮ್ಮನ ಮೈಗೆ ಎಣ್ಣೆ ಹಚ್ಚಿದವನು ತಾನು. ಬೇಡ ಅಣ್ಣಾ ಎಂದರೂ ಕೇಳದೆ, ಗೆಲ್ಲಲಿ ಎಂದು ಹಚ್ಚಿದವನು ತಾನು. ಇಂದೂ ಹಚ್ಚಿಕೊಂಡು ಬಂದವನು ತಾನು.

"ನನ್ನ ತಮ್ಮನ ಕೈ ಮುರದದ್ದು ಈ ಕೈರೀ, ಅಪ್ಪಾರ."

ಅಜ್ಜನವರು ಕಟ್ಟೆಯಿಳಿದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. "ಮೈಗೆ ಹಚ್ಚಿದ್ದು ಹಿಡದವನ ಕೈ ಜಾರಸ್ತು. ಮಣ್ಣಿಗೆ ಹಾಕು, ಬಿದ್ದವನ್ನ ಉಳಸ್ತೈತಿ. ಎದ್ದು ತೊಳಕೊಂಡು ಬಾ, ದ್ಯಾಮಣ್ಣ ಕಾಯಾಕತ್ತಾನ."

ಬಾಳಪ್ಪ ಬಾವಿಕಟ್ಟೆಯಲ್ಲಿ ಚರ್ಮ ಕೆಂಪಾಗುವಂತೆ ತಿಕ್ಕಿ ತೊಳೆದುಕೊಂಡ. ಮನೆಗೆ ಓಡಿ, ಮೂರು ವರ್ಷದ ಹಿಂದೆ ವಾಪಸು ಬಂದಿದ್ದ ಅದೇ ತಂಬಿಗೆಯ ತುಂಬ ಎಣ್ಣೆ ತಂದು ಕಣಕ್ಕೆ ಸುರಿದ. ಉಸ್ತಾದರು ಮಜ್ಜಿಗೆ ಹೊಯ್ದರು. ಮಣ್ಣು ಹದಕ್ಕೆ ಬಂದ ಮೇಲೆ ಇಬ್ಬರೂ ಮತ್ತೆ ಎದುರು ನಿಂತರು. ಈ ಸಲ ಬಾಳಪ್ಪ ಮೊದಲು ತಲೆಬಾಗಿಸಿದ. ದ್ಯಾಮಣ್ಣ ಹಚ್ಚಿದ ಮಣ್ಣು ಭುಜದ ಮೇಲೆ ನಿಂತಿತು.

ಕುಸ್ತಿ ಬಹಳ ಹೊತ್ತು ನಡೆಯಲಿಲ್ಲ. ದ್ಯಾಮಣ್ಣ ಅವನನ್ನು ಸೊಂಟದ ಮೇಲಿಂದ ಎತ್ತಿ ಅಂಗಾತ ಕೆಡವಿದ. ಬಾಳಪ್ಪನವರು ಮುಪ್ಪಿನಲ್ಲಿ, ಅದೇ ಗರಡಿಯಲ್ಲಿ ಬಂದವರ ಮೈಗೆ ಮಣ್ಣು ಹಚ್ಚುತ್ತ, ಈ ಮಾತನ್ನು ಹೇಳುವಾಗಲೆಲ್ಲ ಅವರ ಕಣ್ಣು ತುಂಬುತ್ತಿದ್ದವು. ಮೂರು ವರ್ಷದಲ್ಲಿ ಎಷ್ಟೋ ಸಲ ಬಿದ್ದಿದ್ದೆ, ಆದರೆ ಮಣ್ಣು ಎಷ್ಟು ಮೆತ್ತಗಿದೆ ಎಂದು ಅವತ್ತೇ ನನ್ನ ಬೆನ್ನಿಗೆ ತಿಳಿದದ್ದು ಎನ್ನುತ್ತಿದ್ದರು.

ಮುಂದಿನ ಶನಿವಾರ ಎಣ್ಣೆಯ ತಂಬಿಗೆ ಹಿಡಿದು ಬಂದವರು ಈರಣ್ಣನವರು. ಕೈ ಮುರಿದ ಮೇಲೆ ಅವರು ಯಾವ ಗರಡಿಯ ಹೊಸ್ತಿಲನ್ನೂ ತುಳಿದಿರಲಿಲ್ಲ. ಕಣದಲ್ಲಿ ಕುಳಿತು ಎಡಗೈಯಿಂದ ಮಣ್ಣು ಕಲೆಸತೊಡಗಿದರು. ಹೊಳೆ ದಾಟಿ ಬಂದಿದ್ದ ದ್ಯಾಮಣ್ಣನವರು ಅವರ ಬಲಕ್ಕೆ ಬಂದು ಕುಳಿತು, ಈರಣ್ಣನವರ ಕೈ ನಿಲುಕದ ಕಡೆಯ ಮಣ್ಣನ್ನು ಕಲೆಸಿದರು. ಪೂಜ್ಯ ಅಜ್ಜನವರು ಕಟ್ಟೆಯ ಮೇಲೆ ಹರಳು ಆರಿಸುತ್ತಿದ್ದರು.