ಕಂದು ಬಣ್ಣ ಹೇಳಿದ್ದು

ಹೊಳೆಯ ದಂಡೆಯ ಆಸ್ಪತ್ರೆಯೊಂದರಲ್ಲಿ ವತ್ಸಲಾಬಾಯಿ ಎಂಬ ವೈದ್ಯೆ ಇದ್ದರು. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಗುಣ ಹೇಳುವುದು ಅವರ ಕೆಲಸ. ಜಯತೀರ್ಥ ಅವರ ಬಳಿ ಆ ವಿದ್ಯೆ ಕಲಿಯುತ್ತಿದ್ದ.

ಬಲು ಚುರುಕಿನವ. ಚೂರಿಗೆ ಬಣ್ಣ ಹಾಕಿ ನೋಡಿದನೆಂದರೆ, ಇಂಥವರು ಇಷ್ಟು ವರ್ಷ ಬದುಕುತ್ತಾರೆ ಎಂದು ಅಂದಾಜು ಹೇಳಿಬಿಡುತ್ತಿದ್ದ. ಗೆಳೆಯರು ಅವನನ್ನು ಜೋಯಿಸರೇ ಎಂದು ಕರೆಯುತ್ತಿದ್ದರು. ಅವನಿಗೂ ಅದು ಹಿಡಿಸಿತ್ತು.

ಒಂದು ಬೆಳಿಗ್ಗೆ ಗರ್ಭಕೋಶದ ಕ್ಯಾನ್ಸರಿನ ಚೂರೊಂದು ಬಂತು. ಗಿರಿಜವ್ವ ಎಂಬಾಕೆಯದು. ಬಣ್ಣ ಹಾಕಿ ನೋಡಿದರೆ ಒಂದೊಂದು ಜೀವಕೋಶದ ನಡುಭಾಗದಲ್ಲೂ ದಟ್ಟ ಕಂದು. ಒಳ್ಳೆಯ ಗುರುತಲ್ಲ; ರೋಗ ಬೇಗ ಹಬ್ಬುವ ಜಾತಿಯದು ಎಂದರ್ಥ. ಜಯತೀರ್ಥನ ಮುಖ ಸಪ್ಪಗಾಯಿತು.

"ಏನ್ ಹೇಳ್ತದ ಅದು?" ಎಂದರು ಗುರುಗಳು.

"ಐದು ವರ್ಷ ದಾಟೋದು ಕಷ್ಟ ಅಂತದ, ಮೇಡಂ."

ವತ್ಸಲಾಬಾಯಿ ತಾವೂ ನೋಡಿದರು. ಗುರುತನ್ನು ಸರಿಯಾಗಿಯೇ ಓದಿದ್ದೀ ಎಂದರು. "ಹೋಗಿ ಆಕೀಗೆ ಹೇಳಿ ಬಾ."

ಅಂಥ ಕೆಲಸ ಅವನು ಎಂದೂ ಮಾಡಿರಲಿಲ್ಲ. ಅವನ ಬಳಿಗೆ ಚೂರುಗಳು ಬರುತ್ತಿದ್ದವು, ಮನುಷ್ಯರು ಬರುತ್ತಿರಲಿಲ್ಲ. ಮೆಟ್ಟಿಲಿಳಿಯುತ್ತ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡ.

ಗಿರಿಜವ್ವ ಹೊಳೆಯ ಕಡೆಯ ಕಟ್ಟೆಯ ಮೇಲೆ ಬಟ್ಟೆಗಂಟು ಇಟ್ಟುಕೊಂಡು ಕುಳಿತಿದ್ದಳು. ಆಪರೇಷನ್ ಆಗಿತ್ತು, ಗಾಯ ಮಾಯ್ದಿತ್ತು. ಇನ್ನು ಕೀಮೋ ಗೀಮೋ ತನಗೆ ಬೇಡ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತೇನೆ ಎಂದು ನರ್ಸಿಗೆ ಹೇಳಿಬಿಟ್ಟಿದ್ದಳು. ಜಯತೀರ್ಥ ಬಾಯಿ ತೆರೆಯುವ ಮೊದಲೇ ಆಕೆಯೇ ಕೇಳಿದಳು.

"ನನ್ನ ಚೂರು ನೋಡಿದವ್ರು ನೀವೇ ಅಂತಲ್ರಿ. ಹೇಳ್ರಿ, ಊರಿಗೆ ಹೋಗ್ಲೋ, ಇರ್ಲೋ?"

ತಿದ್ದಿ ತಂದ ಮಾತು ಆ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಜಯತೀರ್ಥ ಅಲ್ಲೇ ಕಟ್ಟೆಯ ಮೇಲೆ ಕುಳಿತ.

"ಇರ್ರಿ, ಅವ್ವಾ. ನಿಮ್ಮ ರೋಗದ ಗುಣ ಒರಟದ. ಅದಕ್ಕ ಔಷಧನೂ ಹಂಗ ಒರಟ ಬೇಕು."

ಗಿರಿಜವ್ವ ನಕ್ಕಳು.

"ನಮ್ಮನಿಯವ್ರೂ ಒರಟ ಇದ್ರು. ನಲವತ್ತು ವರ್ಷ ಸಂಭಾಳಿಸೀನಿ. ಇದೇನ್ ಮಹಾ."

ಗಂಟು ಬಿಚ್ಚಿ, ದಾರಿಗೆಂದು ಕಟ್ಟಿಕೊಂಡಿದ್ದ ಶೇಂಗಾ ಹೋಳಿಗೆ ತೆಗೆದು ಅವನ ಕೈಗಿಟ್ಟಳು. ಮಧ್ಯಾಹ್ನದ ಬಸ್ಸು ಆಕೆಯನ್ನು ಬಿಟ್ಟೇ ಹೋಯಿತು.

ಕೈಗೆ ಅಂಟಿದ ಬೆಲ್ಲ ಒರೆಸಿಕೊಳ್ಳುತ್ತ ಜಯತೀರ್ಥ ಗುರುಗಳ ಬಳಿಗೆ ಬಂದ. ಆಕೆ ಔಷಧಕ್ಕೆ ಒಪ್ಪಿದಳು ಎಂದ.

"ಐದು ವರ್ಷದ ಮಾತು?"

"ಕೇಳಿದ್ರ ಹೇಳ್ತಿದ್ದೆ. ಆಕಿ ಕೇಳ್ಲಿಲ್ಲ. ನಾನೂ ಮರ್ತೆ, ಮೇಡಂ."

ವತ್ಸಲಾಬಾಯಿ ಮತ್ತೊಂದು ಚೂರನ್ನು ಅವನ ಮುಂದೆ ಸರಿಸಿದರು.

"ಛಲೋ ಆತು. ಐದು ವರ್ಷ ಆದಮ್ಯಾಲೆ ಆಕೀನೇ ಬಂದು ನೆನಪು ಮಾಡ್ಲಿ."