ತೊರೆಬನ್ನೂರಿನ ಕಿವಿಗಲ್ಲು

ನೀರಿನಲ್ಲೂ ಕಲ್ಲಿನಲ್ಲೂ ಮನುಷ್ಯರ ಕೊರಳಲ್ಲೂ ನೆಲೆಸಿದ ತಾಯಿ ಗಂಗವ್ವನಿಗೆ ಮೊದಲ ಶರಣು. ಹಿರಿಯರಿಂದ ಕೇಳಿದಷ್ಟನ್ನು ಹೇಳುತ್ತೇನೆ. ತಪ್ಪಿದ್ದರೆ ಅದು ನನ್ನದು, ಒಪ್ಪಾದರೆ ಅವಳದು.

ತೊರೆಬನ್ನೂರಿನ ಹಿರೇಕೆರೆಯ ಏರಿಯ ಮೇಲೆ, ಗಂಗವ್ವನ ಗುಡಿಗೆ ಹತ್ತು ಹೆಜ್ಜೆ ಈಚೆಗೆ, ಕರಿಕಲ್ಲಿನ ಕಂಬವೊಂದು ನಿಂತಿದೆ. ಅದರ ಮೂರು ಮುಖಗಳ ತುಂಬ ಹಳೆಯ ಅಕ್ಷರಗಳು. ಬೆರಳಾಡಿಸಿದರೆ ಇಂದಿಗೂ ಅಂಚು ತಾಗುತ್ತದೆ. ಮೂರನೆಯ ಮುಖದ ಕೊನೆಯ ಸಾಲನ್ನು ಮಾತ್ರ ಯಾರೋ ಉಳಿಯಿಂದ ಹೊಡೆದು ಅಳಿಸಿದ್ದಾರೆ. ಗುಡಿಯ ಕಡೆಗಿರುವ ನಾಲ್ಕನೆಯ ಮುಖ ನುಣ್ಣಗೆ ಬರಿದಾಗಿದೆ. ಅದರ ಮೇಲೆ, ನಿಂತವರ ತಲೆಗಿಂತ ಎರಡು ಗೇಣು ಎತ್ತರದಲ್ಲಿ, ಒಂದೇ ಒಂದು ಕಿವಿ. ನನ್ನ ಅಜ್ಜ ಇಲ್ಲಿ ಪೂಜೆ ಮಾಡುತ್ತಿದ್ದಾಗ ಪಟ್ಟಣದ ವಿದ್ವಾಂಸರು ಬಂದು, ಹಸಿ ಕಾಗದ ಒತ್ತಿ ಮಸಿ ಬಡಿದು, ಮೂರು ಮುಖಗಳ ಅಚ್ಚು ತೆಗೆದುಕೊಂಡು ಹೋದರಂತೆ. 'ಕೆತ್ತಿದವನ ಹೆಸರು ಅಳಿದಿದೆ, ನಾಲ್ಕನೆಯ ಮುಖದಲ್ಲಿ ಬರಹವಿಲ್ಲ' ಎಂದು ಬರೆದುಕೊಂಡರಂತೆ. ಕಿವಿ ಏಕಿದೆ ಎಂದು ಅವರು ಕೇಳಲಿಲ್ಲ, ನಮ್ಮವರು ಹೇಳಲಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೀರಗಾವುಂಡನೆಂಬ ಒಡೆಯ ಆಳುತ್ತಿದ್ದನು. ಅಜ್ಜಂದಿರ ಕಾಲದ ಕೆರೆಯ ಏರಿಯನ್ನು ಅವನು ಎತ್ತರಿಸಿದನು. ಅದರ ನೆನಪಿಗೆ ಶಾಸನ ನಿಲ್ಲಿಸಬೇಕೆಂದು ಮಾಚೋಜನೆಂಬ ಕಲ್ಲುಕೆಲಸದವನನ್ನು ಕರೆಸಿ, ಏರಿಯ ಕೆಳಗೆ ಮನೆಯನ್ನೂ ಹೊಲವನ್ನೂ ಕೊಟ್ಟನು. "ಮೂರು ಮುಖಕ್ಕೆ ನಮ್ಮ ವಂಶ, ಬಿರುದು, ದಾನ ಬರೆ. ನಾಲ್ಕನೆಯದಕ್ಕೆ ಕೆರೆ ಕಟ್ಟಿದ ಬಗೆ ಬರೆ" ಎಂದನು. ಶಾಸನದ ಕೊನೆಗೆ ಕೆತ್ತಿದವನ ಹೆಸರಿಡುವುದು ಪದ್ಧತಿ. ನೂರು ವರ್ಷದ ಮೇಲೂ ಜನ ತನ್ನ ಹೆಸರನ್ನು ಓದಬೇಕೆಂಬುದೇ ಮಾಚೋಜನ ಆಸೆ.

ಆದರೆ ಈ ಊರಿನ ಹಳೆಯದೆಲ್ಲ ಹೆಳವರ ದ್ಯಾವಪ್ಪನ ನಾಲಿಗೆಯ ಮೇಲಿತ್ತು. ಅವನಿಗೆ ಕಾಲು ಸ್ವಾಧೀನವಿರಲಿಲ್ಲ. ಸುಗ್ಗಿ ಮುಗಿದೊಡನೆ ಬಿಳಿ ಎತ್ತಿನ ಮೇಲೆ ಕುಳಿತು ಬರುತ್ತಿದ್ದನು. ಮನೆಮನೆಯ ಮುಂದೆ ಎತ್ತು ನಿಲ್ಲಿಸಿ, ಆ ಮನೆಯ ಏಳು ತಲೆಯವರ ಹೆಸರನ್ನೂ ಕೆಲಸವನ್ನೂ ಹಾಡಿ, ಮೊರದ ತುಂಬ ಜೋಳ ಪಡೆಯುತ್ತಿದ್ದನು. ಮಾಚೋಜ ಮೂರು ಮುಖ ಮುಗಿಸಿ ಊರವರಿಗೆ ಓದಿ ಹೇಳುತ್ತಿದ್ದ ದಿನವೇ ಆ ಎತ್ತಿನ ಗಂಟೆ ಕೇಳಿಸಿತು. ಒಬ್ಬೊಬ್ಬರೇ ಎದ್ದು ಅತ್ತ ನಡೆದರು. ಕೊನೆಗೆ ಉಳಿದ ಮುದುಕಿ ನೀಲವ್ವ, "ಕಲ್ಲು ಛಲೋ ಐತಿ ಓಜಪ್ಪ, ಕನ್ನಡಿ ಆದಂಗ ಆಗೈತಿ. ಆದರ ನಮ್ಮ ಮಾವ ಮಣ್ಣು ಹೊತ್ತಿದ್ದು ಇದರಾಗ ಎಲ್ಲೈತಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾನೂ ಹೊರಟಳು.

ಅಂದು ಮಾಚೋಜನ ಎದೆಯಲ್ಲಿ ಹತ್ತಿದ ಕಿಚ್ಚು ಊಟ ಮಾಡಿದರೂ ಆರಲಿಲ್ಲ, ದೇವರಿಗೆ ಕೈಮುಗಿದರೂ ಆರಲಿಲ್ಲ ಎನ್ನುತ್ತಾರೆ. ಕೆರೆ ಕಟ್ಟಿದ ಬಗೆಯನ್ನು ದ್ಯಾವಪ್ಪನಿಂದ ಕೇಳಿ ಬರೆಯೆಂದು ಹಿರಿಯರು ಹೇಳಿದರು. ಮಾಚೋಜ ಕೇಳಲಿಲ್ಲ. ಬದಲಿಗೆ ಎತ್ತಿಗೆ ಅಡ್ಡ ನಿಂತು, "ಜೋಳಕ್ಕ ಒದರೋ ಮಾತು ನನ್ನ ಉಳಿಗೆ ಎಂಜಲು. ಕಲ್ಲು ನಿಂತಮ್ಯಾಲೆ ಈ ಊರಿಗೆ ನಿನ್ನ ಹಾಡು ಯಾಕ ಬೇಕು?" ಎಂದನು. ದ್ಯಾವಪ್ಪ ಎತ್ತು ತಿರುಗಿಸಿದನು. ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. 'ಮೂರು ಮುಖ ಸಾಕು ಒಡೆಯ' ಎಂದು ಮಾಚೋಜ ಗಾವುಂಡನನ್ನು ಒಪ್ಪಿಸಿ, ಕೊನೆಯ ಸಾಲಿಗೆ ತನ್ನ ಹೆಸರು ಕೆತ್ತಿ ಮುಗಿಸಿದನು.

ನಾಲ್ಕನೆಯ ವರ್ಷ ಹುಬ್ಬೆ ಮಳೆ ಐದು ದಿನ ಬಿಡದೆ ಹೊಡೆಯಿತು. ಮರದ ಬೊಡ್ಡೆಯೊಂದು ಬಂದು ಸಿಕ್ಕಿ ತೂಬು ಕಟ್ಟಿಕೊಂಡಿತು. ನೀರು ಏರಿಯ ತುಟಿಗೆ ಬಂದಿತು. ಹಳಬರು ಇನ್ನೊಂದು ತೂಬನ್ನೂ ಇಟ್ಟಿದ್ದರೆಂದು ಎಲ್ಲರಿಗೂ ಗೊತ್ತು. ಏರಿ ಎತ್ತರಿಸಿದಾಗ ಅದು ಮಣ್ಣಿನಡಿ ಸೇರಿತ್ತು. ಎಲ್ಲಿ? ಗಾವುಂಡ ಕಲ್ಲಿನ ಬಳಿಗೆ ಓಡಿಬಂದು, "ಓದೋ ಮಾಚೋಜಾ!" ಎಂದನು. ಮಾಚೋಜ ಓದಿದ. ಬಿರುದಿನ ಮೇಲೆ ಬಿರುದು. ಏರಿಯ ಕೆಳಗೆ ಅವನದೇ ಮನೆ, ಮನೆಯೊಳಗೆ ಹಸಿ ಬಾಣಂತಿಯಾದ ಮಗಳು.

ಅವನು ಅಲ್ಲಿಂದ ಓಡಿದವನು ಪಕ್ಕದ ಊರಿನಲ್ಲಿದ್ದ ದ್ಯಾವಪ್ಪನ ಎತ್ತಿನ ಕಾಲು ಹಿಡಿದನು. "ನಿನ್ನ ಮ್ಯಾಲಿನ ಉರಿಗೆ ಊರನ್ನ ಮುಳುಗಿಸಿದೆ, ಅಣ್ಣಾ" ಎಂದನು. ದ್ಯಾವಪ್ಪ ಏರಿಯ ಮೇಲೆ ಬಂದು, ಸುರಿಯುವ ಮಳೆಯಲ್ಲೇ ನೀಲವ್ವನ ಮನೆತನದ ಹಾಡು ಎತ್ತಿದನು. ಅವಳ ಮಾವ ಏರಿಯ ಮೇಲಿನ ಬನ್ನಿಮರಕ್ಕೆ ಬೆನ್ನು ಕೊಟ್ಟು, ಮೂಡಲಕ್ಕೆ ಇಪ್ಪತ್ತು ಮಾರು ಅಳೆದು ತೂಬಿಟ್ಟನೆಂಬ ಸಾಲು ಅದರಲ್ಲಿತ್ತು. ಅಲ್ಲೇ ಅಗೆದರು. ಇಬ್ಬರು ಈಜುಗಾರರು ಗಂಗವ್ವನನ್ನು ನೆನೆದು ಮುಳುಗಿ ಮುಚ್ಚಳ ಕಿತ್ತರು. ಮಧ್ಯಾಹ್ನದ ಹೊತ್ತಿಗೆ ನೀರು ಮೊಳದುದ್ದ ಇಳಿದಿತ್ತು. ತಾಯಿ ಕಾಯ್ದಳು.

ಮಾಚೋಜ ಉಳಿ ತಂದು, ಹಾಡನ್ನೆಲ್ಲ ನಾಲ್ಕನೆಯ ಮುಖಕ್ಕೆ ಕೆತ್ತುವೆನೆಂದನು. ದ್ಯಾವಪ್ಪ ನಕ್ಕನು. "ನಾನೇನು ಕಡಿಮಿ ಅಲ್ಲ ತಮ್ಮಾ. ನಿನ್ನ ಉಳಿ ಸಪ್ಪಳ ಕೇಳಿದಾಗೆಲ್ಲ ನನಗೂ ಹೊಟ್ಟಿ ಉರೀತಿತ್ತು. ನನಗ ಮಕ್ಕಳಿಲ್ಲ; ಈ ಕೊರಳು ಬಿದ್ದರ ಹೆಸರೆಲ್ಲ ಬೀಳತಾವು, ನಿನ್ನ ಕಲ್ಲು ನಿಲ್ಲತೈತಿ ಅಂತ. ಆದರ ನೀ ಕೆತ್ತಿದರ ಇವತ್ತಿನ ತನಕ ಸತ್ತವರಷ್ಟೇ ಕಲ್ಲಿನ್ಯಾಗ ಇರತಾರ. ನಾಳೆ ಹುಟ್ಟೋರನ್ನ ಎಲ್ಲಿಡತಿ?" ಮಾಚೋಜ ಎತ್ತಿನ ಮೇಲೆ ಕುಳಿತವನ ಬಾಯಿಯ ಮಟ್ಟಕ್ಕೆ ಅಳತೆ ಹಿಡಿದು ಒಂದು ಕಿವಿ ಕೆತ್ತಿದನು. ಆಮೇಲೆ ಮೂರನೆಯ ಮುಖಕ್ಕೆ ಬಂದು, ಯಾರೂ ಹೇಳದಿದ್ದರೂ, ತನ್ನ ಹೆಸರನ್ನು ತಾನೇ ಹೊಡೆದು ಅಳಿಸಿದನು.

ದ್ಯಾವಪ್ಪನ ಕಾಲ ಮುಗಿದ ಮೇಲೆ ಹೆಸರು ಹೇಳುವ ಕೆಲಸ ಮನೆಮನೆಯವರದಾಯಿತು. ಇಂದಿಗೂ ಸುಗ್ಗಿ ಮುಗಿದ ಮೊದಲ ಸೋಮವಾರ ಪ್ರತಿ ಮನೆಯ ಹಿರಿಯರು ಕಲ್ಲಿನ ಬಳಿ ಒರಳು ಮಗುಚಿ, ಅದರ ಮೇಲೆ ಹತ್ತಿ, ಕಿವಿಗೆ ಬಾಯಿಟ್ಟು ತಮ್ಮ ಮನೆಯವರ ಹೆಸರು ಹೇಳುತ್ತಾರೆ. ಆ ವರ್ಷ ಹುಟ್ಟಿದ ಕೂಸಿನ ಹೆಸರನ್ನೂ ಸೇರಿಸುತ್ತಾರೆ. ಹೋದ ವರ್ಷ ಪಟ್ಟಣದಿಂದ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಕಾಗದ, ಮಸಿ ತಂದಿರಲಿಲ್ಲ. ಕೆಳಗೆ ಕುಳಿತು, ಮೊಬೈಲ್ ಹಿಡಿದು, ಹೇಳಿದ್ದನ್ನೆಲ್ಲ ಕೇಳಿ ಅದರಲ್ಲಿ ತುಂಬಿಕೊಂಡರು. "ಅಜ್ಜಾ, ಎಲ್ಲರೂ ಕೊನೆಗೆ ಒಂದೇ ಹೆಸರು ಹೇಳ್ತಾರಲ್ಲ, ಅವರು ಯಾವ ಮನೆಯವರು?" ಎಂದು ಕೇಳಿದರು. ಅಳಿಸಿದ ಸಾಲಿನ ಮೇಲೆ ಅವರ ಬೆರಳಿಡಿಸಿ, "ಈ ಮನೆಯವನು, ಮಾಚೋಜ" ಎಂದೆ.

ಇದನ್ನು ಕೇಳಿದ ನಿಮ್ಮೆಲ್ಲರ ಹೊಟ್ಟೆಯ ಉರಿಯನ್ನು ತಾಯಿ ತಣಿಸಲಿ. ನಿಮ್ಮ ಹೆಸರು ಹೇಳುವ ಬಾಯಿ, ಕೇಳುವ ಕಿವಿ ಎಂದೂ ತಪ್ಪದಿರಲಿ.